ಕೋಳಿ ಕೂಗುವ ಹೊತ್ತಿನ ಎದೆನೋವು

ದಿನವಿಡೀ ಹೊಲದಲ್ಲಿ ದುಡಿದರೂ ಏದುಸಿರು ಬಾರದ ಗಟ್ಟಿ ಮನುಷ್ಯ, ಬೆಳಗಿನ ಜಾವ ಹಾಸಿಗೆಯಲ್ಲಿರುವಾಗಲೇ ಎದೆ ಹಿಡಿದುಕೊಂಡು ಏಳುತ್ತಾನೆ. ಎದೆಯ ನಡುವೆ ಹಿಂಡಿದಂತಾಗಿ ಮೈ ಬೆವರುತ್ತದೆ. ಹತ್ತು ನಿಮಿಷದಲ್ಲಿ ನೋವು ತಾನಾಗಿ ಇಳಿಯುತ್ತದೆ. ವಾಯುವೆಂದು ಓಮದ ಕಷಾಯ ಕುಡಿದು ಹೊಲಕ್ಕೆ ಹೋಗುತ್ತಾನೆ. ವಾಯುವೂ ಇರಬಹುದು, ಆದರೆ ಅದನ್ನು ಮನೆಯಲ್ಲಿಯೇ ತೀರ್ಮಾನಿಸತಕ್ಕದ್ದಲ್ಲ.

ಹೃದಯಕ್ಕೆ ರಕ್ತ ಒದಗಿಸುವ ನಾಳಗಳಿಗೆ ಕರೊನರಿ ನಾಳಗಳೆಂದು ಹೆಸರು. ಕಾಲುವೆಯಲ್ಲಿ ಹೂಳು ತುಂಬಿದ ಹಾಗೆ ಇವುಗಳಲ್ಲಿ ಕೊಬ್ಬು ಕಟ್ಟಿಕೊಂಡರೆ, ಸಾಮಾನ್ಯವಾಗಿ ದುಡಿಯುವಾಗ ನೋವು ಬರುತ್ತದೆ. ಇಲ್ಲಿಯ ಸಂಗತಿ ಬೇರೆ. ಮೀನಖಂಡ ಹಿಡಿದುಕೊಳ್ಳುವಂತೆ ನಾಳದ ಗೋಡೆಯೇ ಸೆಟೆದು ರಕ್ತದ ದಾರಿಯನ್ನು ಮುಚ್ಚುತ್ತದೆ. ಸ್ವಲ್ಪ ಹೊತ್ತಿಗೆ ಸಡಿಲುತ್ತದೆ. ಇದು ವಿಶ್ರಾಂತಿಯಲ್ಲಿರುವಾಗ, ಅದರಲ್ಲಿಯೂ ನಡುರಾತ್ರಿಯಿಂದ ಬೆಳಗಿನೊಳಗೆ ಬರುವುದೇ ಹೆಚ್ಚು. ಹೆಂಗಸರನ್ನೂ ಬಿಡುವುದಿಲ್ಲ. ಅಮೆರಿಕದ ವೈದ್ಯ ಪ್ರಿಂಜ್‌ಮೆಟಲ್ ಮತ್ತು ಸಂಗಡಿಗರು 1959ರಲ್ಲಿ ಈ ಬಗೆಯ ನೋವನ್ನು ಬೇರೆಯಾಗಿ ಗುರುತಿಸಿ ವಿವರಿಸಿದರು.

ನೋವಿಗಿಂತ ಅದರ ಹಿಂದೆ ಬರುವುದು ಭಯಂಕರ. ರಕ್ತ ಸಿಗದ ಭಾಗದಲ್ಲಿ, ಬಡಿತವನ್ನು ನಡೆಸುವ ವಿದ್ಯುತ್ತು ದಾರಿ ತಪ್ಪುತ್ತದೆ. ಕೆಲವರಲ್ಲಿ ಬಡಿತ ತೀರ ನಿಧಾನವಾಗಿ ಕಣ್ಣು ಕತ್ತಲೆ ಬರುತ್ತದೆ. ಕೆಲವರಲ್ಲಿ ಹೃದಯದ ಕೆಳಕೋಣೆಗಳು ಬಡಿಯುವುದನ್ನು ಬಿಟ್ಟು ಬರಿದೇ ನಡುಗುತ್ತವೆ. ರಕ್ತ ಮುಂದೆ ಹರಿಯದೆ ಮನುಷ್ಯ ಕ್ಷಣಾರ್ಧದಲ್ಲಿ ಬಿದ್ದುಬಿಡುತ್ತಾನೆ. ಹಾಗೆ ಬಿದ್ದವನಿಗೆ ಎಚ್ಚರವಿಲ್ಲ, ಉಸಿರೂ ಸರಿಯಿಲ್ಲವೆಂದರೆ ಬಾಯಿಗೆ ನೀರು ಹಾಕುತ್ತ ಕೂರಬೇಡಿ. ಒಬ್ಬರು 108ಕ್ಕೆ ಕರೆಮಾಡಲಿ. ಇನ್ನೊಬ್ಬರು ಎದೆಯ ನಡುವೆ ಎರಡೂ ಅಂಗೈಯಿಟ್ಟು, ಎರಡು ಅಂಗುಲ ಇಳಿಯುವಂತೆ, ನಿಮಿಷಕ್ಕೆ 100ರಿಂದ 120 ಸಲ, ವಾಹನ ಬರುವವರೆಗೂ ಬಲವಾಗಿ ಒತ್ತುತ್ತಿರಲಿ.

ಇದರಲ್ಲಿ ಒಂದು ತೊಡಕುಂಟು. ನೋವು ಇಳಿದ ಮೇಲೆ ಇ.ಸಿ.ಜಿ. ತೆಗೆದರೆ ಏನೂ ಕಾಣದೆ ಹೋಗಬಹುದು. ಆದ್ದರಿಂದ ನೋವಿರುವಾಗಲೇ 108ನ್ನು ಕರೆಯಿರಿ. ಇಳಿದಿದ್ದರೂ ಆ ದಿನವೇ ಹೋಗಿ, ಎಷ್ಟು ಗಂಟೆಗೆ ಬಂತು, ಎಷ್ಟು ಹೊತ್ತು ಇತ್ತು, ತಲೆ ತಿರುಗಿತೇ ಎಂದು ಹೇಳಿರಿ. ಕಂಡ ಮನೆಯಾಕೆಯನ್ನೂ ಕರೆದೊಯ್ಯುವುದು ಲೇಸು. ನಮ್ಮ ಗಂಡಸರು ಡಾಕ್ಟರ ಮುಂದೆ "ಏನಿಲ್ಲ" ಎನ್ನುವುದರಲ್ಲಿ ಗಟ್ಟಿಗರು.

ನಾಳವನ್ನು ಸಡಿಲಿಸುವ ಮಾತ್ರೆಗಳಿವೆ. ಗುಣವಾಯಿತೆಂದು ನಡುವೆ ನಿಲ್ಲಿಸಿದರೆ ಸೆಟೆತ ಮರಳಬಹುದು. ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು ಇದನ್ನು ಹೆಚ್ಚಿಸುವುದೂ ಉಂಟು. ನೆರೆಯವನ ಮಾತ್ರೆ ನುಂಗಬೇಡಿ, ನಿಮ್ಮವನ್ನೆಲ್ಲ ಡಾಕ್ಟರಿಗೆ ತೋರಿಸಿರಿ. ಬೀಡಿ ಸೇದುವವರಲ್ಲಿ ಈ ಸೆಟೆತ ಹೆಚ್ಚು. ಮಾತ್ರೆ ನುಂಗಿ ಜಗಲಿಗೆ ಬಂದು ಬೀಡಿ ಹಚ್ಚುವವನಿಗೆ ಯಾವ ಡಾಕ್ಟರೂ ಭರವಸೆ ಕೊಡಲಾರರು.