ವಂಶದ ಗುಟ್ಟು ಒಬ್ಬರ ಸ್ವತ್ತಲ್ಲ

ವೈದ್ಯರಲ್ಲಿ ಏನನ್ನೂ ಮುಚ್ಚಿಡಬಾರದೆಂದು ಹಿರಿಯರು ಹೇಳುತ್ತಾರೆ. ವೈದ್ಯರಿಗೆ ಹೇಳಿದ್ದು ವೈದ್ಯರಲ್ಲಿಯೇ ಉಳಿಯಬೇಕೆಂಬುದು ಅದರ ಬೆನ್ನಿಗೇ ಬರುವ ಇನ್ನೊಂದು ನಿಯಮ. ಮನೆಗೇ ತರಿಸಿಕೊಳ್ಳಬಹುದಾದ ಡಿಎನ್‌ಎ ಪರೀಕ್ಷೆಗಳ ವಿಷಯದಲ್ಲಿ ಈ ಎರಡನೆಯ ನಿಯಮವು ಇಂದು ಸಡಿಲವಾಗುತ್ತಿದೆ. ಕೊಳವೆಯಲ್ಲಿ ಸ್ವಲ್ಪ ಜೊಲ್ಲು ಸಂಗ್ರಹಿಸಿ ಕಳುಹಿಸಿದರೆ ಸಾಕು. ಕೆಲವು ವಾರಗಳಲ್ಲಿ ಪೂರ್ವಜರ ಮೂಲ, ಮುಂದೆ ಬರಬಹುದಾದ ರೋಗ, ದೇಹಕ್ಕೆ ಒಗ್ಗುವ ಆಹಾರ ಇವೆಲ್ಲದರ ವರದಿ ಮೊಬೈಲಿಗೆ ಬರುತ್ತದೆ. ಕಲ್ಮಲ, ದೇವದುರ್ಗ, ಮಾನ್ವಿಯ ಮನೆಗಳ ಮಕ್ಕಳು ಬೆಂಗಳೂರು, ಹೈದರಾಬಾದು, ಅಮೆರಿಕಗಳಲ್ಲಿ ಉದ್ಯೋಗದಲ್ಲಿರುವ ಈ ಕಾಲದಲ್ಲಿ ಇದು ದೂರದ ಸಂಗತಿಯಲ್ಲ. ಮಗನು ಅಲ್ಲಿ ಪರೀಕ್ಷೆ ಮಾಡಿಸಿಕೊಂಡರೆ ಇಲ್ಲಿರುವ ತಂದೆತಾಯಿಗಳ ಗುಟ್ಟೂ ಅದರಲ್ಲಿ ಸೇರಿರುತ್ತದೆ.

ಹೇಗೆಂದರೆ, ಡಿಎನ್‌ಎ ಎಂಬುದು ನಮ್ಮ ಜೀವಕೋಶಗಳೊಳಗೆ ಸುಮಾರು 300 ಕೋಟಿ ಅಕ್ಷರಗಳಲ್ಲಿ ಬರೆದಿಟ್ಟ ದೇಹದ ಲೆಕ್ಕಪುಸ್ತಕ. ಅದರ ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ ಬಂದದ್ದು. ಒಡಹುಟ್ಟಿದವರಲ್ಲಿ ಸುಮಾರು ಅರ್ಧದಷ್ಟು, ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳಲ್ಲಿ ಸುಮಾರು ಎಂಟನೆಯ ಒಂದು ಭಾಗದಷ್ಟು ಹೊಂದಿಕೆ ಇರುತ್ತದೆ. ಆದ್ದರಿಂದ ಒಬ್ಬರು ಕೊಟ್ಟ ಒಪ್ಪಿಗೆಯು ಇಡೀ ಮನೆತನದ ಬಾಗಿಲನ್ನು ತೆರೆಯುತ್ತದೆ. ಬ್ಯಾಂಕಿನ ಗುಪ್ತಸಂಖ್ಯೆ ಕಳುವಾದರೆ ಬದಲಿಸಬಹುದು. ಡಿಎನ್‌ಎ ಬದಲಿಸಲು ಬಾರದು.

ಅಮೆರಿಕದ 'ಟ್ವೆಂಟಿತ್ರೀ ಆ್ಯಂಡ್ ಮಿ' ಸಂಸ್ಥೆಯ ಕಥೆ ಇದಕ್ಕೆ ನಿದರ್ಶನ. 2023ರಲ್ಲಿ ಕಳ್ಳರು, ಬೇರೆಡೆ ಸೋರಿಹೋಗಿದ್ದ ಪಾಸ್‌ವರ್ಡ್‌ಗಳನ್ನು ಬಳಸಿ, ಅದರ ಸುಮಾರು 14 ಸಾವಿರ ಖಾತೆಗಳನ್ನು ತೆರೆದರು. ಬಂಧುಗಳನ್ನು ಹುಡುಕಿಕೊಡುವ ಸೌಲಭ್ಯದ ಮೂಲಕ ಅಲ್ಲಿಂದ ಸುಮಾರು 69 ಲಕ್ಷ ಜನರ ವಿವರಗಳು ಅವರ ಕೈ ಸೇರಿದವು. ಬಾಗಿಲು ಭದ್ರವಾಗಿದ್ದವರ ಮನೆಯೂ ಬಂಧುವಿನ ಬಾಗಿಲಿನಿಂದಾಗಿ ಬಯಲಾಯಿತು. 2025ರ ಮಾರ್ಚಿನಲ್ಲಿ ಸಂಸ್ಥೆಯು ದಿವಾಳಿಯ ಅರ್ಜಿ ಸಲ್ಲಿಸಿತು. ಆಗ ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ ಅವರು ತಮ್ಮ ಮಾಹಿತಿಯನ್ನು ಅಳಿಸಿಹಾಕಬಹುದೆಂದು ಗ್ರಾಹಕರಿಗೆ ನೆನಪಿಸಬೇಕಾಯಿತು. ಅದೇ ವರ್ಷ, ಸಂಸ್ಥಾಪಕಿಯೇ ಮುನ್ನಡೆಸುವ ಲಾಭರಹಿತ ಸಂಸ್ಥೆಯೊಂದು 30.5 ಕೋಟಿ ಡಾಲರಿಗೆ ಅದನ್ನು ಕೊಂಡುಕೊಂಡಿತು. ಜನರು ನಂಬಿ ಕೊಟ್ಟ ವಂಶದ ವಿವರವು ಮಾರಾಟದ ಆಸ್ತಿಯಾಗಬಲ್ಲದೆಂಬುದು ಇದರ ಪಾಠ.

ಆನುವಂಶಿಕ ರೋಗದ ಹೆಸರು ಅಂಟಿಕೊಂಡರೆ ಬಿಡುವುದಿಲ್ಲವೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಉದಾಹರಣೆಯಿದೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ 1970ರ ದಶಕದಲ್ಲಿ ಗುರುತಿಸಲಾದ, ಮೂಳೆ ಮತ್ತು ಕೀಲುಗಳನ್ನು ಬಾಧಿಸುವ ಕಾಯಿಲೆಯೊಂದು ಇಂದಿಗೂ 'ಹಂದಿಗೋಡು ಕಾಯಿಲೆ' ಎಂದೇ ಕರೆಸಿಕೊಳ್ಳುತ್ತದೆ. ರೋಗವಿದ್ದದ್ದು ಕೆಲವು ಕುಟುಂಬಗಳಲ್ಲಿ; ಹೆಸರು ಅಂಟಿದ್ದು ಇಡೀ ಊರಿಗೆ.

ಹಾಗೆಂದು ಪರೀಕ್ಷೆಯೇ ಬೇಡವೆಂದಲ್ಲ. ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿಯಿರುವ ನಮ್ಮ ಭಾಗದಲ್ಲಿ ತಲಸ್ಸೀಮಿಯಾ, ಕುಡಗೋಲು ಕಣ ರೋಗಗಳಂತಹ ಕಾಯಿಲೆಗಳ ತಪಾಸಣೆ ನಿಜಕ್ಕೂ ಉಪಕಾರಿ. ಗಂಡಹೆಂಡಿರಿಬ್ಬರೂ ಒಂದೇ ದೋಷದ ವಾಹಕರಾಗಿದ್ದರೆ, ಹುಟ್ಟುವ ಪ್ರತಿ ಮಗುವಿಗೂ ರೋಗ ಬರುವ ಸಂಭವ ಶೇ. 25. ಆದರೆ ವಾಹಕರು ರೋಗಿಗಳಲ್ಲ. ಈ ಭೇದವನ್ನರಿಯದವರ ಕೈಗೆ ವರದಿ ಸಿಕ್ಕರೆ, ಹೆಣ್ಣು ನೋಡಲು ಬಂದವರು ಹಿಂದಿರುಗಬಹುದು. ತಪ್ಪಿಲ್ಲದ ಮಗಳು ತಲೆ ತಗ್ಗಿಸಬೇಕಾಗಬಹುದು.

ಕಾನೂನಿನ ರಕ್ಷಣೆ ಎಷ್ಟಿದೆ? ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ, ಹಂತಹಂತವಾಗಿ ಜಾರಿಗೆ ಬರುವಂತೆ ಗೊತ್ತುಪಡಿಸಲಾಗಿದೆ. ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯುವ, ಮಾಹಿತಿಯನ್ನು ಅಳಿಸಲು ಕೇಳುವ ಹಕ್ಕುಗಳು ಅದರಲ್ಲಿವೆ. ಆದರೆ ಆನುವಂಶಿಕ ಮಾಹಿತಿಗೆ ಪ್ರತ್ಯೇಕವಾದ, ಹೆಚ್ಚಿನ ರಕ್ಷಣೆಯನ್ನು ಆ ಕಾಯ್ದೆ ಹೇಳಿಲ್ಲ. ಆದುದರಿಂದ ಮೊದಲ ಕಾವಲು ನಮ್ಮದೇ.

ಭಕ್ತರು ಗಮನಿಸಬೇಕಾದ ಕೆಲವು ಅಂಶಗಳು:

1. ರೋಗದ ಶಂಕೆಯಿದ್ದಲ್ಲಿ ವೈದ್ಯರ ಸಲಹೆಯಂತೆಯೇ ಪರೀಕ್ಷೆ ಮಾಡಿಸಿರಿ. ಕುತೂಹಲಕ್ಕಾಗಿ ಮಾಡಿಸಿದ ವರದಿಯನ್ನು ನಂಬಿ ಔಷಧ ಬಿಡುವುದಾಗಲಿ, ಸಂಬಂಧ ಮುರಿಯುವುದಾಗಲಿ ಸಲ್ಲದು.

2. ಸಹಿ ಹಾಕುವ ಮುನ್ನ, ಮಾದರಿಯನ್ನು ಎಷ್ಟು ಕಾಲ ಇಟ್ಟುಕೊಳ್ಳುವರು, ಯಾರಿಗೆ ಕೊಡುವರು, ಸಂಸ್ಥೆ ಕೈ ಬದಲಾದರೆ ಏನಾಗುವುದು ಎಂದು ಕೇಳಿರಿ.

3. ಸಂಶೋಧನೆಗೆ ಬಳಸುವ ಒಪ್ಪಿಗೆ ಬೇರೆ, ಪರೀಕ್ಷೆಯ ಒಪ್ಪಿಗೆ ಬೇರೆ. ಎರಡನ್ನೂ ಬಿಡಿಬಿಡಿಯಾಗಿ ಓದಿರಿ.

4. ಆ ಖಾತೆಗೆ ಬೇರೆಲ್ಲಿಯೂ ಬಳಸದ ಪಾಸ್‌ವರ್ಡ್ ಇಡಿರಿ. ಕೆಲಸ ಮುಗಿದ ಮೇಲೆ ಮಾಹಿತಿ ಅಳಿಸಲು, ಮಾದರಿ ನಾಶಪಡಿಸಲು ಲಿಖಿತವಾಗಿ ಕೋರಿರಿ.

5. ಮಕ್ಕಳ ಮಾದರಿಯನ್ನು ಕುತೂಹಲಕ್ಕಾಗಿ ಎಂದೂ ಕಳುಹಿಸದಿರಿ. ದೊಡ್ಡವರಾದ ಮೇಲೆ ನಿರ್ಧರಿಸುವ ಹಕ್ಕು ಅವರದು.

6. ಎಲ್ಲಕ್ಕಿಂತ ಮೊದಲು, ಮನೆಯವರನ್ನು ಕೂಡಿಸಿ ಮಾತನಾಡಿರಿ.

ಹುಟ್ಟಿನಿಂದ ಮನುಷ್ಯನನ್ನು ಅಳೆಯಬಾರದೆಂದು ಶರಣರು ತಿಳಿಸಿದರು. ಪೂರ್ವಜರ ಮೂಲವನ್ನು ಶೇಕಡಾ ಲೆಕ್ಕದಲ್ಲಿ ಹೇಳುವ ವರದಿಯೂ ನಮ್ಮ ಯೋಗ್ಯತೆಯನ್ನು ಅಳೆಯಲಾರದು. ದೇಹದ ವಿದ್ಯೆ ರೋಗ ನೀಗಲು ಬಳಕೆಯಾಗಲಿ. ಮನೆತನದ ಮಾನವು ಮನೆಯವರ ಕೈಯಲ್ಲಿಯೇ ಉಳಿಯಲಿ.