ಮೊದಲು ಬಿಡುಗಡೆ, ಆಮೇಲೆ ಕಟ್ಟಳೆ



ಧರ್ಮಕೇಂದ್ರದ ಮನೆಗಳಿಗೆ ಭೇಟಿ ಕೊಡುವಾಗ ಎರಡು ಬಗೆಯ ಮಾತು ಕಿವಿಗೆ ಬೀಳುತ್ತದೆ. ಕೆಲವರು, "ಫಾದರ್, ಭಾನುವಾರದ ಪೂಜೆ ತಪ್ಪಿಸಿಲ್ಲ, ಉಪವಾಸ ಬಿಟ್ಟಿಲ್ಲ; ಆದರೂ ದೇವರು ನನಗೇಕೆ ಕಷ್ಟ ಕೊಡುತ್ತಾರೆ?" ಎನ್ನುತ್ತಾರೆ. ಇನ್ನು ಕೆಲವರು, "ನಾನು ಕಟ್ಟಳೆ ಮೀರಿದವನು, ದೇವಾಲಯದ ಮೆಟ್ಟಿಲು ಹತ್ತುವ ಯೋಗ್ಯತೆ ನನಗಿಲ್ಲ" ಎಂದು ತಲೆ ತಗ್ಗಿಸುತ್ತಾರೆ. ಮಾತು ಬೇರೆಯಾದರೂ ತಪ್ಪು ತಿಳುವಳಿಕೆ ಒಂದೇ. ಕಟ್ಟಳೆ ಪಾಲಿಸಿ ದೇವರ ಪ್ರೀತಿಯನ್ನು ಸಂಪಾದಿಸಬೇಕು ಎಂದು ಇಬ್ಬರೂ ನಂಬಿದ್ದಾರೆ.

ವಿಮೋಚನಾಕಾಂಡದ 20ನೇ ಅಧ್ಯಾಯ ತೆರೆದು ನೋಡಿ. ಹತ್ತು ಕಟ್ಟಳೆಗಳನ್ನು ಕೊಡುವ ಮುನ್ನ ಸರ್ವೇಶ್ವರ ತಾವು ಯಾರೆಂಬುದನ್ನು ನೆನಪಿಸುತ್ತಾರೆ. ಈಜಿಪ್ಟಿನ ಗುಲಾಮತನದಿಂದ ಜನರನ್ನು ಹೊರತಂದ ದೇವರು ಅವರು. ಸಮುದ್ರ ದಾಟಿಸಿದ್ದು ಮೊದಲು, ಸಿನಾಯಿ ಬೆಟ್ಟ ಆಮೇಲೆ. "ಕಟ್ಟಳೆ ಪಾಲಿಸಿದರೆ ಬಿಡಿಸುತ್ತೇನೆ" ಎಂದು ದೇವರು ಷರತ್ತು ಹಾಕಲಿಲ್ಲ. ಬಿಡುಗಡೆ ಪಡೆದ ಮಕ್ಕಳು ಮತ್ತೆ ಗುಲಾಮರಾಗದಂತೆ ಬಾಳುವ ದಾರಿಯನ್ನು ತೋರಿಸಿದರು.

ಹಾಗಾದರೆ ಕಟ್ಟಳೆಯ ಕೆಲಸವೇನು? ಗಲಾತ್ಯರಿಗೆ ಬರೆದ ಪತ್ರದ 3ನೇ ಅಧ್ಯಾಯದಲ್ಲಿ ಸಂತ ಪೌಲರು ಒಂದು ಹೋಲಿಕೆ ಕೊಡುತ್ತಾರೆ. ಅಂದಿನ ಗ್ರೀಕ್ ಮನೆತನಗಳಲ್ಲಿ ಮಕ್ಕಳನ್ನು ಶಾಲೆಗೆ ಕರೆದೊಯ್ದು, ಅವರ ನಡತೆಯ ಮೇಲೆ ಕಣ್ಣಿಡಲು ಒಬ್ಬ ಆಳು ಇರುತ್ತಿದ್ದ. ಧರ್ಮಶಾಸ್ತ್ರವೂ ಹಾಗೆಯೇ ನಮ್ಮನ್ನು ಕ್ರಿಸ್ತರ ಬಳಿಗೆ ಕರೆತರುತ್ತದೆ. ಕನ್ನಡಿ ಮುಖದ ಮಸಿಯನ್ನು ತೋರಿಸೀತು, ತೊಳೆಯಲಾರದು. ತೊಳೆಯುವುದು ಕ್ರಿಸ್ತರ ವರಪ್ರಸಾದ. ಇದೇ ಶುಭಸಂದೇಶ.

"ಹಾಗಿದ್ದರೆ ಕಟ್ಟಳೆ ಬೇಡವೇ?" ಎಂದು ನೀವು ಕೇಳಬಹುದು. ಖಂಡಿತ ಬೇಕು. ವರಪ್ರಸಾದ ಪಡೆದವರೂ ಕಟ್ಟಳೆಗಳನ್ನು ಪಾಲಿಸಬೇಕೆಂದು ತ್ರೆಂತ್ ಮಹಾಸಭೆ 1547ರಲ್ಲಿ ಬೋಧಿಸಿತು. ಆದರೆ ಅದಕ್ಕೆ ಬೇಕಾದ ಬಲ ಎಲ್ಲಿಂದ? ಹೊಸ ಒಡಂಬಡಿಕೆಯ ಕಟ್ಟಳೆಯೆಂದರೆ ಮುಖ್ಯವಾಗಿ ಪವಿತ್ರಾತ್ಮರ ವರಪ್ರಸಾದವೇ, ಬರೆದ ಅಕ್ಷರ ಆಮೇಲಿನದು ಎಂದು 13ನೇ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ವಿವರಿಸಿದರು. ಹೊರಗಿನಿಂದ ಆಜ್ಞಾಪಿಸುತ್ತಿದ್ದ ಕಟ್ಟಳೆ ಈಗ ಹೃದಯದ ಒಳಗಿನಿಂದ ನಡೆಸುತ್ತದೆ.

16ನೇ ಶತಮಾನದಲ್ಲಿ ಪಾಶ್ಚಾತ್ಯ ಕ್ರೈಸ್ತರು ಒಡೆದು ಬೇರೆಯಾದಾಗ ನಡುವೆ ಇದ್ದ ದೊಡ್ಡ ಪ್ರಶ್ನೆಗಳಲ್ಲಿ ಇದೂ ಒಂದು. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕ ಧರ್ಮಸಭೆ ಮತ್ತು ಲೂಥರನ್ ವಿಶ್ವ ಒಕ್ಕೂಟ ಜಂಟಿ ಘೋಷಣೆಗೆ ಸಹಿ ಹಾಕಿದವು. ದೇವರು ನಮ್ಮನ್ನು ಸ್ವೀಕರಿಸುವುದು ನಮ್ಮ ಪುಣ್ಯ ನೋಡಿ ಅಲ್ಲ, ತಮ್ಮ ಕೃಪೆಯಿಂದ. ಆ ಕೃಪೆಯೇ ನಮ್ಮನ್ನು ಸತ್ಕಾರ್ಯಕ್ಕೆ ಅಣಿಮಾಡುತ್ತದೆ ಎಂದು ಇಬ್ಬರೂ ಒಪ್ಪಿಕೊಂಡರು. ಎಲ್ಲ ಭಿನ್ನತೆ ಅಳಿದಿಲ್ಲ, ಆದರೂ ಅದು ದೊಡ್ಡ ಹೆಜ್ಜೆ.

ಲೂಕ 15ನೇ ಅಧ್ಯಾಯದ ಇಬ್ಬರು ಮಕ್ಕಳನ್ನು ನೆನೆಯಿರಿ. ಕಿರಿಯವನು ತಾನು ಮಗನೆನಿಸಲು ಯೋಗ್ಯನಲ್ಲವೆಂದು ಕುಗ್ಗಿದ. ಹಿರಿಯವನು ಎಲ್ಲ ಆಜ್ಞೆ ಪಾಲಿಸಿದ್ದರೂ ಕೋಪಿಸಿಕೊಂಡು ಮನೆಯ ಹೊರಗೇ ನಿಂತ. ನಮ್ಮ ಮನೆಗಳಲ್ಲಿ ಕೇಳುವ ಮಾತುಗಳು ಈ ಇಬ್ಬರವೇ. ತಂದೆಯಾದರೋ ಒಬ್ಬನಿಗಾಗಿ ಓಡಿ ಬಂದ, ಇನ್ನೊಬ್ಬನಿಗಾಗಿ ಹಬ್ಬದೂಟ ಬಿಟ್ಟು ಹೊರಬಂದ.

ತಂದೆತಾಯಿಯರೇ, "ಪೂಜೆಗೆ ಏಕೆ ಹೋಗಬೇಕು?" ಎಂದು ಮಗ ಕೇಳಿದಾಗ, "ಹೋಗದಿದ್ದರೆ ಪಾಪ" ಎಂದು ಹೇಳಿ ಮಾತು ಮುಗಿಸಬೇಡಿ. ಕಟ್ಟಳೆಗಳ ಅರ್ಥವನ್ನು ಮಕ್ಕಳು ಕೇಳಿದರೆ, ನಾವು ಗುಲಾಮರಾಗಿದ್ದೆವು, ದೇವರು ಬಿಡಿಸಿದರು ಎಂದು ತಿಳಿಸಲು ಧರ್ಮೋಪದೇಶಕಾಂಡದ 6ನೇ ಅಧ್ಯಾಯ ಕಲಿಸುತ್ತದೆ. ಈ ವಾರ ಜಪಸರ ಮುಗಿದ ಮೇಲೆ, ದೇವರು ನಿಮ್ಮ ಮನೆಗೆ ಮಾಡಿದ ಒಂದು ಉಪಕಾರವನ್ನು ಮಕ್ಕಳಿಗೆ ಹೇಳಿ. ಕಟ್ಟಳೆಯ ಮಾತು ಆಮೇಲೆ ಬರಲಿ. ದೂರ ನಿಂತಿರುವ ಸಹೋದರರೇ, ಯೋಗ್ಯರಾದ ಮೇಲೆ ಬರೋಣವೆಂದು ಕಾಯಬೇಡಿ. ಬನ್ನಿ, ತಂದೆ ನಿಮ್ಮ ದಾರಿ ಕಾಯುತ್ತಿದ್ದಾರೆ.