ಟ್ರಂಕು ಇಳಿಸುವ ಮೊದಲು

ಅಟ್ಟದ ಮೇಲಿನ ಟ್ರಂಕು ಇಳಿಸಿ ಎಲ್ಲವನ್ನೂ ಸ್ಕ್ಯಾನ್ ಮಾಡಿಬಿಡುತ್ತೇನೆ ಅಂತ ಹೊರಟಿದ್ದೀಯಂತೆ ಮಗಾ, ಸಂತೋಷ. ಆದರೆ ಮೊದಲು ನಿನ್ನ ಚಿಕ್ಕಜ್ಜಿಯ ಹತ್ತಿರ ಕೂತು ಬಾ. ಕಾಗದ ಇನ್ನಷ್ಟು ವರ್ಷ ಬಾಳೀತು. ಫೋಟೋದಲ್ಲಿ ಎಡಗಡೆ ನಿಂತ ಹುಡುಗಿ ಯಾರು ಎಂದು ಬಲ್ಲವರು ಈಗ ಅವರೊಬ್ಬರೇ. ಮನೆತನದ ಚರಿತ್ರೆ ಹೇಳಿ ಎಂದರೆ 'ಏನಿದೆ ಹೇಳೋಕೆ' ಎಂದುಬಿಡುತ್ತಾರೆ. ಒಂದು ಫೋಟೋ ಕೈಗಿಟ್ಟು, ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ ಸುಮ್ಮನಿರು.

ಹೆಸರನ್ನು ಫೋಟೋದ ಹಿಂದೆ ಮೆತ್ತನೆಯ ಪೆನ್ಸಿಲ್ಲಿನಲ್ಲಿ ಹಗುರವಾಗಿ ಬರೆ. ಬಾಲ್‌ಪೆನ್ನಿನ ಒತ್ತು ಮುಂದಕ್ಕೆ ಮೂಡುತ್ತದೆ. 'ಅಜ್ಜಿ' ಅಂತಷ್ಟೇ ಬರೆದರೆ ನಿನ್ನ ಮೊಮ್ಮಕ್ಕಳಿಗೆ ಯಾವ ಅಜ್ಜಿ? ಹೆಸರು, ತವರೂರು, ಯಾರ ಮಗಳು, ಇಷ್ಟೂ ಬೇಕು. ಮನೆಗಳಲ್ಲಿ ಮೊದಲು ಮರೆತುಹೋಗುವುದು ಹೆಣ್ಣುಮಕ್ಕಳ ಹೆಸರೇ. ಹೆಳವರು ಬಂದರೆ 'ಮುಂದೆ ಹೋಗಿ' ಅನ್ನಬೇಡ. ತಲೆಮಾರುಗಳಿಂದ ವಂಶಾವಳಿ ಬರೆದಿಟ್ಟು ಮನೆಬಾಗಿಲಲ್ಲಿ ಹೇಳಿಕೊಂಡು ಬಂದವರು ಅವರು. ನಮ್ಮಲ್ಲಿಲ್ಲದ ಹೆಸರು ಅವರ ಪುಸ್ತಕದಲ್ಲಿದ್ದೀತು.

ಬೆಲೆಯಿರುವುದು ಕ್ರಯಪತ್ರ, ವಿಭಾಗಪತ್ರಕ್ಕೆ ಮಾತ್ರ ಎನ್ನುತ್ತಾನೆ ನಿಮ್ಮಪ್ಪ. ನೋಂದಣಿಯಾದ ಪತ್ರದ ನಕಲು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಿಕ್ಕೀತು. ಮದುವೆಯ ಮುಯ್ಯಿ ಪುಸ್ತಕ ಎಲ್ಲಿ ಸಿಗುತ್ತದೆ? ಯಾವ ಊರಿನಿಂದ ಯಾರು ಬಂದರು, ಐದು ರೂಪಾಯಿ ಕೊಟ್ಟರೋ, ಕಣ ಕೊಟ್ಟರೋ, ಚೊಂಬು ಕೊಟ್ಟರೋ, ಎಲ್ಲಾ ಅದರಲ್ಲಿದೆ. ತಿರುಗಿ ಕೊಡಬೇಕಲ್ಲ, ಅದಕ್ಕೇ ಸುಳ್ಳು ಬರೆಯುವವರಿಲ್ಲ. ನಿನ್ನ ಅತ್ತೆಯ ಮದುವೆಯ ಪುಸ್ತಕದ ಪಕ್ಕಕ್ಕೆ ನಿಮ್ಮಪ್ಪನ ಮದುವೆಯದನ್ನು ಇಟ್ಟು ನೋಡು. ಎರಡರ ನಡುವೆ ಮನೆ ಪಾಲಾಯಿತು. ಆಮೇಲೆ ಯಾವ ಮನೆಯವರು ಬರುವುದು ಬಿಟ್ಟರು ಎಂಬುದು ಯಾರೂ ಬಾಯಿಬಿಟ್ಟು ಹೇಳದೆಯೇ ತಿಳಿಯುತ್ತದೆ. ಲಗ್ನಪತ್ರಿಕೆಗಳನ್ನೂ ಇದರ ಜೊತೆಗೇ ಇಡು. ಕಟ್ಟು ಬಿಚ್ಚುವಾಗ ಯಾವುದರ ಜೊತೆ ಯಾವುದಿತ್ತು ಎಂದು ಬರೆದುಕೋ. ತಾರೀಖಿನ ಪ್ರಕಾರ ಜೋಡಿಸುವ ಅವಸರ ಬೇಡ.

ಲ್ಯಾಮಿನೇಷನ್ ಮಾತ್ರ ಯಾವುದಕ್ಕೂ ಮಾಡಿಸಬೇಡ, ಆಮೇಲೆ ಬಿಡಿಸಲಾಗುವುದಿಲ್ಲ. ಹರಿದದ್ದಕ್ಕೆ ಸೆಲ್ಲೋಟೇಪು ಅಂಟಿಸಬೇಡ. ತುಕ್ಕು ಹಿಡಿದ ಗುಂಡುಸೂಜಿ ತೆಗೆದುಹಾಕು. ಬಿಸಿಲಿಗೆ ಹರವುವುದೂ ಬೇಡ, ನೆರಳಲ್ಲಿ ಗಾಳಿಯಾಡಲಿ. ಕಪ್ಪು ಬಟ್ಟೆಯ ಮಡಿಕೆ ಪುಸ್ತಕ ಸಿಕ್ಕರೆ ಅದು ಕಡತ. ಹುಣಸೆಬೀಜದ ಸರಿ, ಇದ್ದಿಲು ಬಳಿದು ಬಳಪದಲ್ಲಿ ಬರೆದದ್ದು. ಧೂಳಿದೆ ಎಂದು ಒದ್ದೆ ಬಟ್ಟೆ ತಂದೀಯ, ಅಕ್ಷರವೂ ಹೋದೀತು. ಓಲೆಗರಿ ಸಿಕ್ಕರೆ ನೀನೇ ಎಣ್ಣೆ ಹಚ್ಚದೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದವರನ್ನು ಕೇಳು. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿ ಅಲ್ಲಿಗೆ ಬಂದದ್ದೂ ತಂಜಾವೂರು ಸೀಮೆಯ ಪಂಡಿತರೊಬ್ಬರ ಕೈಯಿಂದ. 1905ರಲ್ಲಿ ಅಲ್ಲಿನ ವಿದ್ವಾಂಸ ಶಾಮಶಾಸ್ತ್ರಿಗಳ ಕಣ್ಣಿಗೆ ಬಿತ್ತು.

ಸ್ಕ್ಯಾನ್ ಮುಗಿದ ಮೇಲೆ ಮೂಲವನ್ನು ಎಸೆಯಬೇಡ. ಪ್ರತಿಯೂ ಒಂದೇ ಕಡೆ ಇರುವುದು ಬೇಡ. ನಿನ್ನ ದೊಡ್ಡಪ್ಪನ ಮಗನಿಗೂ ಒಂದು ಪೆನ್‌ಡ್ರೈವ್ ಕೊಡು. ಅವರ ಜೊತೆ ಹೊಲದ ಕೇಸು ನಡೆದಿದೆ ನಿಜ, ಅದು ಕೋರ್ಟಿನಲ್ಲಿ ನಡೆಯಲಿ. ಆ ಫೋಟೋದಲ್ಲಿರುವುದು ಅವನ ಅಜ್ಜಿಯೂ ಹೌದು.